ಗುಲಾಬಿ ಬಣ್ಣದ ಮನೆ

ಚಲನಚಿತ್ರಗಳನ್ನು ಕುರಿತು ಈ ಅಂಕಣದಲ್ಲಿ ಬರೆಯುವುದು ಅಪರೂಪ. ಬರೆದಾಗಲೆಲ್ಲ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬಹುದಾದ ಚಿತ್ರವೇ ಎಂದು ವಿಚಾರಿಸುವ ಪತ್ರಗಳು ಬರುವುದುಂಟು. ಆದುದರಿಂದ ಈ ಸಲ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೋಡಬಹುದು, ನಾವು ನೋಡಿದ್ದೂ ಹಾಗೆಯೇ. ರಜೆಗೆ ಬಂದಿದ್ದ ಮೊಮ್ಮಗಳು ಪಕ್ಕದಲ್ಲಿದ್ದಳು. ಅವಳಿಗೆ ಹದಿನಾಲ್ಕು ತುಂಬಿದೆ. ಚಿತ್ರದ ನಾಯಕಿಗೂ ಅಷ್ಟೇ ವಯಸ್ಸು. ಆದರೆ ಚಿತ್ರದಲ್ಲಿ ಒಂದು ಆತ್ಮಹತ್ಯೆಯ ಪ್ರಸಂಗವಿದೆ. ಚಿಕ್ಕ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವವರು ಅದನ್ನು ಅರಿತಿರುವುದು ಒಳ್ಳೆಯದು.

ಚಿತ್ರದ ಹೆಸರು ‘ದಿ ಸೀಕ್ರೆಟ್ ಲೈಫ್ ಆಫ್ ಬೀಸ್’. ಜೇನುಹುಳುಗಳ ಗುಟ್ಟಿನ ಬಾಳು ಎಂದರೆ ನಮ್ಮ ಮಾತಿನಲ್ಲಿ ಸರಿಹೋದೀತು. ಸ್ಯೂ ಮಂಕ್ ಕಿಡ್ ಎಂಬ ಅಮೆರಿಕದ ಲೇಖಕಿಯ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿ 2008ರಲ್ಲಿ ತೆಗೆದದ್ದು. ಕಾದಂಬರಿಕಾರ್ತಿ ಬಿಳಿಯ ಜನಾಂಗದವರು. ನಿರ್ದೇಶಕಿ ಜೀನಾ ಪ್ರಿನ್ಸ್-ಬೈಥ್‌ವುಡ್ ಕಪ್ಪು ಜನಾಂಗದವರು. ಈ ಮಾತು ಮುಂದೆ ಬೇಕಾಗುತ್ತದೆ.

ಚಿತ್ರ ಅರ್ಧಕ್ಕೆ ಬಂದಾಗ ಮೊಮ್ಮಗಳು ಕೇಳಿದಳು: “ಅಜ್ಜೀ, ಲಿಲಿ ಏನು ತಪ್ಪು ಮಾಡಿದ್ದಾಳೆ? ಜೂನ್‌ಗೆ ಅವಳ ಮೇಲೆ ಯಾಕೆ ಅಷ್ಟು ಸಿಟ್ಟು?” ಆ ಹೊತ್ತಿಗೆ ‘ಮುಂದೆ ನೋಡು’ ಎಂದು ಸುಮ್ಮನಿರಿಸಿದೆ. ಅನಂತರ ಯೋಚಿಸಿದಂತೆಲ್ಲ, ಈ ಕಥೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಎಂದು ತೋರಿತು. ಉತ್ತರಕ್ಕೆ ಮೊದಲು ಕಥೆಯನ್ನು ಸ್ವಲ್ಪ ಹೇಳಬೇಕು.

ಕಥೆ ನಡೆಯುವುದು 1964ರ ಬೇಸಿಗೆಯಲ್ಲಿ, ಅಮೆರಿಕದ ದಕ್ಷಿಣದ ಸೌತ್ ಕ್ಯಾರೊಲಿನಾ ರಾಜ್ಯದಲ್ಲಿ. ಲಿಲಿ ಓವೆನ್ಸ್ ಪೀಚ್ ಹಣ್ಣಿನ ತೋಟದ ಯಜಮಾನನ ಒಬ್ಬಳೇ ಮಗಳು. ತಂದೆಯನ್ನು ಅವಳು ಅಪ್ಪಾ ಎನ್ನುವುದಿಲ್ಲ, ಊರವರಂತೆ ‘ಟಿ. ರೇ’ ಎನ್ನುತ್ತಾಳೆ. ತಪ್ಪು ಕಂಡರೆ ನೆಲದ ಮೇಲೆ ಮೆಕ್ಕೆಜೋಳದ ನುಚ್ಚನ್ನು ಸುರಿದು, ಅದರ ಮೇಲೆ ಮಗಳನ್ನು ಬರಿಯ ಮೊಣಕಾಲೂರಿ ನಿಲ್ಲಿಸುವ ತಂದೆ ಅವನು. ತಾಯಿ ತೀರಿಕೊಂಡು ಹತ್ತು ವರ್ಷ. ಗಂಡಹೆಂಡಿರ ಜಗಳದ ನಡುವೆ ನೆಲಕ್ಕೆ ಬಿದ್ದ ಪಿಸ್ತೂಲನ್ನು ನಾಲ್ಕು ವರ್ಷದ ಮಗು ಎತ್ತಿಕೊಂಡಿತು, ಗುಂಡು ಹಾರಿತು. ತಾಯಿಯನ್ನು ಕೊಂದವಳು ನಾನು ಎಂಬ ಭಾರವನ್ನು ಹೊತ್ತೇ ಲಿಲಿ ಬೆಳೆದಿದ್ದಾಳೆ. ಅವಳಿಗೆ ಊಟವಿಕ್ಕಿ ತಲೆ ಬಾಚಿದವಳು ರೋಜಲೀನ್. ತೋಟದ ಕೆಲಸಕ್ಕಿದ್ದ ಈ ಕಪ್ಪು ಹೆಂಗಸನ್ನು ಟಿ. ರೇ ಮಗು ನೋಡಿಕೊಳ್ಳಲೆಂದು ಮನೆಗೆ ಕರೆತಂದಿದ್ದ.

1964ರ ಜುಲೈ 2ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದರು. ಹೋಟೆಲು, ಚಿತ್ರಮಂದಿರ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಬಣ್ಣದ ಭೇದ ಅಂದಿನಿಂದ ಕಾನೂನುಬಾಹಿರವಾಯಿತು. ದೂರದರ್ಶನದಲ್ಲಿ ಅದನ್ನು ಕಂಡ ರೋಜಲೀನ್ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಲು ಪೇಟೆಗೆ ಹೊರಡುತ್ತಾಳೆ. ನಮಗೆ ಇದು ಸಣ್ಣ ಕೆಲಸವೆಂದು ತೋರಬಹುದು. ಬಣ್ಣದ ಕಾರಣಕ್ಕೆ ಮತದ ಹಕ್ಕನ್ನು ನಿರಾಕರಿಸಬಾರದೆಂದು ಅಮೆರಿಕದ ಸಂವಿಧಾನಕ್ಕೆ ತಿದ್ದುಪಡಿಯಾದದ್ದು 1870ರಲ್ಲಿ. ಆದರೆ ಅಕ್ಷರ ಪರೀಕ್ಷೆ, ತಲೆಗಂದಾಯ, ಬೆದರಿಕೆ, ಪೆಟ್ಟು, ಇವುಗಳ ಮೂಲಕ ದಕ್ಷಿಣದ ರಾಜ್ಯಗಳು ಆ ಹಕ್ಕನ್ನು ದಶಕಗಟ್ಟಲೆ ಕಾಗದದಲ್ಲಿಯೇ ಇರಿಸಿದ್ದವು. ರೋಜಲೀನ್ ತನ್ನ ಹೆಸರನ್ನು ಕೂಡಿಸಿ ಬರೆಯುವುದನ್ನು ಮತ್ತೆಮತ್ತೆ ಅಭ್ಯಾಸ ಮಾಡಿಕೊಂಡಿದ್ದಾಳೆ. ದಾರಿಯಲ್ಲಿ ಬಿಳಿಯ ಗಂಡಸರು ತಡೆದು ಹೀಯಾಳಿಸುತ್ತಾರೆ. ಅವಳು ಕೈಯಲ್ಲಿದ್ದ ಪಾತ್ರೆಯ ಹೊಗೆಸೊಪ್ಪಿನ ಉಗುಳನ್ನು ನಿಧಾನವಾಗಿ ಅವರ ಬೂಟುಗಳ ಮೇಲೆ ಸುರಿಯುತ್ತಾಳೆ. ಪೆಟ್ಟು ತಿಂದವಳೂ ಅವಳೇ, ಬಂಧನಕ್ಕೊಳಗಾದವಳೂ ಅವಳೇ.

ಇದು ಕಥೆಗಾಗಿ ಹಿಗ್ಗಿಸಿದ ಮಾತಲ್ಲ. ಅದೇ ವರ್ಷ ಜೂನ್ 21ರಂದು, ಮಿಸಿಸಿಪ್ಪಿ ರಾಜ್ಯದಲ್ಲಿ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಮೂವರು ತರುಣರನ್ನು ಕೊಲ್ಲಲಾಯಿತು. ಒಬ್ಬ ಕಪ್ಪು ಜನಾಂಗದವನು, ಇಬ್ಬರು ಬಿಳಿಯರು. ಅವರ ಶವಗಳು ಮಣ್ಣಿನ ಒಡ್ಡಿನ ಅಡಿಯಲ್ಲಿ ದೊರೆತದ್ದು ಆಗಸ್ಟ್ ತಿಂಗಳಲ್ಲಿ. ಮತದಾನದ ಹಕ್ಕನ್ನು ಗಟ್ಟಿಗೊಳಿಸಿದ ಕಾಯಿದೆ ಬರಲು 1965ರ ಆಗಸ್ಟ್ 6ರವರೆಗೆ ಕಾಯಬೇಕಾಯಿತು.

ಲಿಲಿ ರೋಜಲೀನಳನ್ನು ಆಸ್ಪತ್ರೆಯ ಕಾವಲಿನಿಂದ ಉಪಾಯವಾಗಿ ಬಿಡಿಸಿಕೊಂಡು ಊರು ಬಿಡುತ್ತಾಳೆ. ಅವಳ ಬಳಿ ಇರುವುದು ತಾಯಿಯ ಒಂದೆರಡು ವಸ್ತುಗಳು ಮಾತ್ರ. ಅವುಗಳಲ್ಲೊಂದು ಕಪ್ಪು ಮೈಬಣ್ಣದ ಮೇರಿಮಾತೆಯ ಚಿತ್ರ. ಅದರ ಬೆನ್ನಿಗೆ ‘ಟಿಬರಾನ್’ ಎಂಬ ಊರ ಹೆಸರು. ಆ ಊರಿನ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಜೇನಿನ ಭರಣಿಗಳ ಮೇಲೆ ಅದೇ ಚಿತ್ರ ಕಾಣುತ್ತದೆ. ಜೇನು ಎಲ್ಲಿಂದ ಬರುತ್ತದೆಂದು ಕೇಳಿಕೊಂಡು ಹೋದರೆ ಎದುರಾಗುವುದು ಕಣ್ಣು ಕುಕ್ಕುವ ಗುಲಾಬಿ ಬಣ್ಣದ ಒಂದು ಮನೆ.

ಮನೆಯಲ್ಲಿ ಮೂವರು ಕಪ್ಪು ಸೋದರಿಯರು: ಆಗಸ್ಟ್, ಜೂನ್ ಮತ್ತು ಮೇ. ಹಿರಿಯಳು ಆಗಸ್ಟ್, ಜೇನು ಸಾಕಿ ಸ್ವಂತ ವ್ಯಾಪಾರ ನಡೆಸುವವಳು. ಜೂನ್ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಸೆಲ್ಲೊ ವಾದ್ಯ ನುಡಿಸುತ್ತಾಳೆ. ಮೇ ಮಗುವಿನ ಮನಸ್ಸಿನವಳು. ಅವಳ ಅವಳಿ ಸೋದರಿ ಏಪ್ರಿಲ್ ಎಳೆಯ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡ ಮೇಲೆ, ಲೋಕದ ಯಾರದೇ ದುಃಖವಾದರೂ ಅದು ತನ್ನದೇ ಎಂಬಂತೆ ಮೇ ಕುಸಿದುಹೋಗುತ್ತಾಳೆ. ಅದಕ್ಕಾಗಿ ಅಕ್ಕಂದಿರು ಹಿತ್ತಿಲಲ್ಲಿ ಕಲ್ಲಿನ ಒಂದು ಗೋಡೆಯನ್ನು ಕಟ್ಟಿಕೊಳ್ಳಲು ನೆರವಾಗಿದ್ದಾರೆ. ದುಃಖವನ್ನು ಚೀಟಿಯಲ್ಲಿ ಬರೆದು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಸಿ ಬಂದರೆ ಅವಳಿಗೆ ಸಮಾಧಾನ. ಮನೆಗೆ ಆ ಬಣ್ಣವನ್ನು ಆರಿಸಿದವಳೂ ಅವಳೇ. ಆಗಸ್ಟ್‌ಗೆ ಆ ಬಣ್ಣ ಹಿಡಿಸಿರಲಿಲ್ಲ. ಆದರೆ ತಂಗಿಯ ಮನಸ್ಸು ಅರಳುವುದಾದರೆ ಮನೆಯ ಬಣ್ಣ ಯಾವುದಾದರೇನು ಎಂಬುದು ಅವಳ ವಿವೇಕ. ನಮ್ಮ ಕುಟುಂಬಗಳಲ್ಲಿ ಗೋಡೆಯ ಬಣ್ಣಕ್ಕಾಗಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾನು ಬಲ್ಲೆನಾದ್ದರಿಂದ ಈ ಪ್ರಸಂಗ ವಿಶೇಷವಾಗಿ ಮನಸ್ಸಿಗೆ ಹತ್ತಿತು.

ಜೇನಿನ ವಿಷಯವಾಗಿ ಒಂದು ಮಾತು. ನಮ್ಮ ತೋಟಗಳ ತುಡುವೆ ಬೇರೆ, ಅಲ್ಲಿಯ ಜೇನು ಬೇರೆ. ಅಲ್ಲಿಯದು ಯುರೋಪಿನ ತಳಿ. ವಲಸೆ ಬಂದವರು 1622ರಲ್ಲಿ ವರ್ಜೀನಿಯಕ್ಕೆ ಹಡಗಿನಲ್ಲಿ ತಂದದ್ದು. ಆಫ್ರಿಕದ ಜನರನ್ನು ಅದೇ ವರ್ಜೀನಿಯಕ್ಕೆ ಹಿಡಿದು ತಂದದ್ದು ಮೂರು ವರ್ಷ ಮೊದಲು, 1619ರಲ್ಲಿ.

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಲಿಲಿ ಸುಳ್ಳು ಕಥೆ ಕಟ್ಟಿ ಆಶ್ರಯ ಕೇಳುತ್ತಾಳೆ. ಆಗಸ್ಟ್ ಹೆಚ್ಚು ವಿಚಾರಿಸದೆ ಒಪ್ಪುತ್ತಾಳೆ. ಒಂದು ರಾತ್ರಿ, ಈ ಹುಡುಗಿ ಬಿಳಿಯಳು, ಇವಳು ಇಲ್ಲಿರಕೂಡದು ಎಂದು ಜೂನ್ ಅಕ್ಕನೊಡನೆ ವಾದಿಸುವುದು ಲಿಲಿಯ ಕಿವಿಗೆ ಬೀಳುತ್ತದೆ. ಅವಳು ಬೆರಗಾಗುತ್ತಾಳೆ. ಚರ್ಮದ ಬಣ್ಣಕ್ಕಾಗಿ ತನ್ನನ್ನೂ ಒಬ್ಬರು ಬೇಡವೆನ್ನಬಹುದೆಂದು ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಅವಳಿಗೆ ಹೊಳೆದಿರಲಿಲ್ಲ. ರೋಜಲೀನ್‌ಗಾದರೋ ಅದು ಹೊಳೆಯದ ದಿನವೇ ಇದ್ದಿರಲಾರದು.

ಹಾಗೆಂದು ಎರಡೂ ಒಂದೇ ಎನ್ನಲಾದೀತೆ? ಮೊಮ್ಮಗಳು ಹಾಗೆಯೇ ವಾದಿಸಿದಳು: ಬಿಳಿಯರು ಮಾಡಿದರೆ ತಪ್ಪು, ಜೂನ್ ಮಾಡಿದರೆ ತಪ್ಪಲ್ಲವೇ? ಜೂನ್ ಲಿಲಿಯನ್ನು ಹೊಡೆದಿಲ್ಲ, ಸೆರೆಗೆ ಹಾಕಿಸಿಲ್ಲ, ಮತದ ಪಟ್ಟಿಯಿಂದ ಹೊರಗಿಟ್ಟಿಲ್ಲ. ಅವಳಿಗಿರುವುದು ಭಯ, ಮತ್ತು ಆ ಭಯಕ್ಕೆ ಕಾರಣವಿದೆ. ಕಾವಲಿನಿಂದ ತಪ್ಪಿಸಿಕೊಂಡು ಬಂದ ಹೆಂಗಸೊಬ್ಬಳು ಮನೆಯಲ್ಲಿದ್ದಾಳೆ. ತಂದೆಯ ಮನೆಯಿಂದ ಓಡಿಬಂದ ಬಿಳಿಯ ಹುಡುಗಿ ಜೊತೆಗಿದ್ದಾಳೆ. ಯಾರಾದರೂ ದೂರು ಕೊಟ್ಟರೆ ಹುಡುಗಿಯನ್ನು ಅವಳ ಮನೆಗೆ ಕಳುಹಿಸುತ್ತಾರೆ. ಆ ಮೂವರು ಸೋದರಿಯರ ಗತಿಯೇನು? ಆಶ್ರಯ ಕೇಳುವವಳಿಗಿಂತ ಕೊಡುವವರೇ ಹೆಚ್ಚು ಅಪಾಯದಲ್ಲಿರುವ ಮನೆ ಅದು. ಪ್ರೀತಿಯಿಂದ ಬಾಗಿಲು ತೆರೆದ ಆಗಸ್ಟ್ ದೊಡ್ಡವಳೆಂಬುದು ನಿಜ. ಆದರೆ ತೆರೆಯಬೇಡವೆಂದ ಜೂನ್ ಸಣ್ಣವಳಲ್ಲ.

ಜೂನ್ ಹೆದರಿದ್ದು ಸುಳ್ಳಾಗುವುದೂ ಇಲ್ಲ. ಜೇನಿನ ಕೆಲಸಕ್ಕೆ ಬರುವ ಜ್ಯಾಕ್ ಎಂಬ ಕಪ್ಪು ಹುಡುಗ, ವಕೀಲನಾಗಬೇಕೆಂಬ ಆಸೆಯವನು, ಲಿಲಿಯೊಡನೆ ಸ್ನೇಹ ಬೆಳೆಸುತ್ತಾನೆ. ಇಬ್ಬರೂ ಚಿತ್ರಮಂದಿರಕ್ಕೆ ಹೋಗಿ, ಕಪ್ಪು ಜನರಿಗೆಂದು ಬಿಟ್ಟ ಮಾಳಿಗೆಯಲ್ಲಿ ಜೊತೆಯಾಗಿ ಕುಳಿತುಕೊಳ್ಳುತ್ತಾರೆ. ಹೊಸ ಕಾಯಿದೆಯ ಪ್ರಕಾರ ಅಂಥ ಪ್ರತ್ಯೇಕ ಮಾಳಿಗೆ ಇರಲೇಬಾರದಿತ್ತು. ಬಿಳಿಯ ಗಂಡಸರು ನುಗ್ಗಿ ಹುಡುಗನನ್ನು ಎಳೆದೊಯ್ಯುತ್ತಾರೆ. ಮಿಸಿಸಿಪ್ಪಿಯಲ್ಲಿ 1955ರಲ್ಲಿ, ಬಿಳಿಯ ಹೆಂಗಸೊಬ್ಬಳೊಡನೆ ಸಲಿಗೆಯಿಂದ ವರ್ತಿಸಿದನೆಂಬ ಆಪಾದನೆಯ ಮೇಲೆ ಎಮ್ಮೆಟ್ ಟಿಲ್ ಎಂಬ ಬಾಲಕನನ್ನು ಕೊಂದು ನದಿಗೆ ಎಸೆದಿದ್ದರು. ಅವನಿಗೂ ಹದಿನಾಲ್ಕೇ ವರ್ಷ. ಬಿಳಿಯರೂ ಕರಿಯರೂ ಮದುವೆಯಾಗುವುದನ್ನು ಅಪರಾಧವೆನ್ನುತ್ತಿದ್ದ ರಾಜ್ಯಗಳ ಕಾನೂನುಗಳನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೊಡೆದುಹಾಕಿದ್ದು 1967ರಲ್ಲಿ. ಆ ಮಾಳಿಗೆಯಲ್ಲಿ ಕುಳಿತ ಮಕ್ಕಳಿಗೆ ಇದರ ಪರಿವೆಯಿಲ್ಲ. ಮನೆಯಲ್ಲಿ ಕಾದು ಕುಳಿತ ಹೆಂಗಸರಿಗೆ ಚೆನ್ನಾಗಿ ಇದೆ.

ಜ್ಯಾಕ್ ಜೀವಸಹಿತ ಮರಳುತ್ತಾನೆ. ಆದರೆ ಅವನ ಸುದ್ದಿಯನ್ನು ಮೇ ತಾಳಿಕೊಳ್ಳಲಾರಳು. ಗೋಡೆಯ ಸಂದಿಗಳು ಆ ದುಃಖಕ್ಕೆ ಸಾಲವು. ಅವಳು ನದಿಗಿಳಿಯುತ್ತಾಳೆ. ಅವಳ ಸಾವಿನ ಬಳಿಕ ಆಗಸ್ಟ್ ಜೇನುಪೆಟ್ಟಿಗೆಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸುವ ಪ್ರಸಂಗ ಕಾದಂಬರಿಯಲ್ಲಿದೆ. ಮನೆಯಲ್ಲಿ ಸಾವಾದರೆ ಜೇನಿಗೆ ತಿಳಿಸಬೇಕೆಂಬುದು ಯುರೋಪಿನಿಂದ ಬಂದ ಹಳೆಯ ರೂಢಿ.

ತನ್ನ ತಾಯಿ ಡೆಬೊರಾ ಹಿಂದೊಮ್ಮೆ ಈ ಮನೆಯಲ್ಲಿ ಆಶ್ರಯ ಪಡೆದಿದ್ದಳೆಂದು ಲಿಲಿಗೆ ಕೊನೆಗೆ ತಿಳಿಯುತ್ತದೆ. ಅದಕ್ಕೂ ಹಿಂದೆ, ಡೆಬೊರಾ ಮಗುವಾಗಿದ್ದಾಗ, ಆಗಸ್ಟ್ ಅವಳ ತವರಿನಲ್ಲಿ ಮನೆಗೆಲಸ ಮಾಡಿಕೊಂಡು ಅವಳನ್ನು ಸಾಕಿದವಳು. ಓದುಬರಹ ಬಲ್ಲ ಹೆಣ್ಣಿಗೆ ಅಂದು ದೊರೆತ ಕೆಲಸ ಅದು. ಜೂನ್‌ಳ ಸಿಟ್ಟಿನ ಬೇರು ಇಲ್ಲಿದೆ: ಅಕ್ಕ ಒಬ್ಬಳ ಚಾಕರಿ ಮಾಡಿದ್ದು ಸಾಲದೆ, ಈಗ ಅವಳ ಮಗಳನ್ನೂ ಸಾಕಬೇಕೆ? ನನ್ನ ತಾಯಿಯನ್ನು ಪ್ರೀತಿಸುತ್ತಿದ್ದೆಯಾ ಎಂದು ಲಿಲಿ ಕೇಳಿದಾಗ, ಆಗಸ್ಟ್ ತಟ್ಟನೆ ಹೌದೆನ್ನುವುದಿಲ್ಲ. ಪ್ರೀತಿಯೇನೋ ಇತ್ತು, ಆದರೆ ಬೇರೆ ಬೇರೆ ಲೋಕಗಳಲ್ಲಿದ್ದು ಪ್ರೀತಿಸುವುದು ಅಷ್ಟು ಸರಳವಲ್ಲ ಎಂಬರ್ಥದ ಉತ್ತರ ಕೊಡುತ್ತಾಳೆ.

ಈ ಉತ್ತರ ನನ್ನನ್ನು ಕಾಡಿತು. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಅಂಗಳದಲ್ಲಿ ಒಬ್ಬ ಹೆಂಗಸಿದ್ದಳು. ಮನೆಯಲ್ಲಿ ಎಂದು ಬರೆಯಲಾರೆ, ಅಂಗಳದಲ್ಲಿಯೇ. ದಿನವಿಡೀ ನಾನು ಅವಳ ಸೊಂಟದ ಮೇಲೆ. ಕಥೆ ಹೇಳಿದವಳು ಅವಳು. ಹಾವು ಯಾವುದು, ಕೇರೆ ಯಾವುದು ಎಂದು ಕಲಿಸಿದವಳು ಅವಳು. ಸಂಜೆಯಾದರೆ ನನ್ನ ತಲೆಗೆ ನೀರು ಹೊಯ್ದೇ ಒಳಗೆ ಕರೆದುಕೊಳ್ಳುತ್ತಿದ್ದರು. ಅವಳು ಕುಡಿಯುತ್ತಿದ್ದ ಗೆರಟೆ ಮಾಡಿನ ಸಂದಿಯಲ್ಲಿರುತ್ತಿತ್ತು. ‘ನಮ್ಮ ಮನೆಯವಳ ಹಾಗೆಯೇ ಇದ್ದಳು’ ಎಂದು ಇಷ್ಟು ಕಾಲ ಹೇಳುತ್ತ ಬಂದಿದ್ದೇನೆ, ಹೆಮ್ಮೆಯಿಂದ. ಅಂದು ರಾತ್ರಿ ಮೊಮ್ಮಗಳಿಗೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರಿಗೆ ಮಕ್ಕಳಿದ್ದರಾ ಅಜ್ಜೀ?” ಎಂದಳು. ಇದ್ದರು. ಅವಳು ನನ್ನನ್ನೆತ್ತಿಕೊಂಡ ಹೊತ್ತಿನಲ್ಲಿ ಆ ಮಕ್ಕಳನ್ನು ಯಾರು ಎತ್ತಿಕೊಂಡಿದ್ದರೆಂದು ನಮ್ಮ ಮನೆಯಲ್ಲಿ ಯಾರೂ ವಿಚಾರಿಸಿದ್ದಿಲ್ಲ, ನಾನೂ ವಿಚಾರಿಸಲಿಲ್ಲ.

ಈ ಕಥೆಯ ಮೇಲೆ ಒಂದು ಆಕ್ಷೇಪವಿದೆ. ನೊಂದ ಬಿಳಿಯ ಹುಡುಗಿಯೊಬ್ಬಳನ್ನು ಸಂತೈಸುವುದಕ್ಕಾಗಿಯೇ ಇಷ್ಟು ಮಂದಿ ಕಪ್ಪು ಹೆಂಗಸರು ಹುಟ್ಟಿದಂತಿದೆ. ಅವರ ಸ್ವಂತ ಬಾಳು ಹಿನ್ನೆಲೆಗೆ ಸರಿಯುತ್ತದೆ ಎಂಬುದು. ಇದು ತಳ್ಳಿಹಾಕುವ ಮಾತಲ್ಲ. ಚಿತ್ರದ ಬೆಳಕೆಲ್ಲ ಜೇನಿನ ಬಣ್ಣದ್ದು. ಅಲ್ಲಲ್ಲಿ ಸಿಹಿ ಹೆಚ್ಚಾಗಿದೆ. ಆದರೂ ನಿರ್ದೇಶಕಿ ಜೂನ್ ಮತ್ತು ರೋಜಲೀನರನ್ನು ಮೆತ್ತಗಾಗಿಸಿಲ್ಲವೆಂದು ನನ್ನ ಅಭಿಪ್ರಾಯ. ಅಲೀಶಿಯಾ ಕೀಸ್ ಜೂನ್‌ಳಾಗಿ ಮುಖ ಬಿಗಿದುಕೊಂಡೇ ಹೆಚ್ಚು ಕಾಲ ಕಳೆಯುತ್ತಾರೆ. ಅದು ಚಿತ್ರಕ್ಕೆ ಬೇಕಾದ ಉಪ್ಪು. ಆಗಸ್ಟ್‌ಳ ಪಾತ್ರದಲ್ಲಿ ಕ್ವೀನ್ ಲತೀಫಾ ಅವರ ನಿಧಾನ, ಮೇ ಆಗಿ ಸೋಫಿ ಒಕೊನೆಡೊ ಅವರ ನಡುಗುವ ನಗು ಬಹಳ ದಿನ ಮನಸ್ಸಿನಲ್ಲಿ ಉಳಿಯುತ್ತವೆ. ಲಿಲಿಯಾಗಿ ನಟಿಸಿದ ಡಕೋಟಾ ಫ್ಯಾನಿಂಗ್ ಆಗ ಪಾತ್ರದಷ್ಟೇ ಎಳೆಯ ವಯಸ್ಸಿನವರು.

ಕೊನೆಗೆ ಟಿ. ರೇ ಮಗಳನ್ನು ಹುಡುಕಿಕೊಂಡು ಗುಲಾಬಿ ಮನೆಯ ಬಾಗಿಲಿಗೆ ಬರುತ್ತಾನೆ. ಲಿಲಿಯ ಹಿಂದೆ ಹೆಂಗಸರು ಬಂದು ನಿಲ್ಲುತ್ತಾರೆ. ಅವನು ಮಗಳನ್ನು ಬಿಟ್ಟು ಹೋಗುತ್ತಾನೆ. ಹೆಂಡತಿ ಬಿಟ್ಟುಹೋದ ನೋವು ಅವನನ್ನು ಕಲ್ಲಾಗಿಸಿತ್ತೆಂದು ಪಾಲ್ ಬೆಟನಿ ಅವರ ಮುಖದಿಂದಲೇ ಅರ್ಥವಾಗುತ್ತದೆ; ಆದರೆ ಅದಕ್ಕಾಗಿ ಅವನನ್ನು ಕ್ಷಮಿಸಿಬಿಡುವ ಅವಸರ ಚಿತ್ರಕ್ಕಿಲ್ಲ. ಜೂನ್, ತಾನು ಬಹುಕಾಲ ಬೇಡವೆನ್ನುತ್ತಿದ್ದ ಮದುವೆಗೆ ಒಪ್ಪುತ್ತಾಳೆ. ಲಿಲಿಯ ಬಗ್ಗೆ ಅವಳ ಮನಸ್ಸು ತಿಳಿಯಾಗುವುದೂ ನಿಧಾನವಾಗಿ, ಮೇಯ ಸಾವನ್ನು ಇಬ್ಬರೂ ಹಂಚಿಕೊಂಡ ಮೇಲೆ.

ಪುಸ್ತಕವೂ ನನ್ನಲ್ಲಿತ್ತು. ಈಗ ಅದು ಮೊಮ್ಮಗಳ ಚೀಲ ಸೇರಿದೆ. ಎರವಲು ಕೇಳಿ ಬರೆಯುವವರು ಮುಂದಿನ ರಜೆಯವರೆಗೆ ತಾಳಬೇಕು.