ಮಷಿನಿಸ್ಟ್ ವಿದ್ಯೆಯೂ ಕಲನಶಾಸ್ತ್ರವೂ

ಲೋಧಿ ಕಾಲೋನಿಯ ನಮ್ಮ ಕನ್ನಡ ಕುಟುಂಬಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳಿಗೆ ನಾವು ತೋರಿಸುವ ದಾರಿ ಬಹುಮಟ್ಟಿಗೆ ಒಂದೇ, ಎಂಜಿನಿಯರಿಂಗ್. ಐಟಿಐಯ ಮಾತೆತ್ತಿದರೆ ಮುಖ ಸಪ್ಪಗಾಗುತ್ತದೆ.

ನಿಯಮದಂತೆ ಬಾಗಿಲು ಮುಚ್ಚಿಲ್ಲ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಪಡೆದವರು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೂ ಸೇರಬಹುದು. ಆದರೆ ಅವರನ್ನು ತಡೆಯುವುದು ಗಣಿತ, ವಿಶೇಷವಾಗಿ ಕಲನಶಾಸ್ತ್ರ, ಅಂದರೆ ಕ್ಯಾಲ್ಕುಲಸ್. ಪದವಿಯ ಮೊದಲ ವರ್ಷದ ಪಾಠ ಅವರಿಗೆ ತಪ್ಪಿರುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಇಂಥ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಗಣಿತವನ್ನು ಗೊತ್ತುಪಡಿಸಿದ್ದು ಇದಕ್ಕಾಗಿಯೇ.

ವಿಚಿತ್ರವೆಂದರೆ, ಯಂತ್ರಶಾಲೆಯಲ್ಲಿಯೇ ಕಲನಶಾಸ್ತ್ರ ಕಣ್ಣೆದುರಿಗಿದೆ. ಸಿಎನ್‌ಸಿ ಯಂತ್ರದಲ್ಲಿ ಡೊಂಕಾದ ಮೇಲ್ಮೈಯನ್ನು ಕೆತ್ತಬೇಕಾದಾಗ ಆ ವಕ್ರರೇಖೆಯನ್ನು ಅನೇಕ ಸಣ್ಣ ಸರಳರೇಖೆಗಳಾಗಿ ಒಡೆಯುತ್ತಾರೆ. ತುಂಡು ಕಿರಿದಾದಷ್ಟೂ ದೋಷ ಕಡಿಮೆ. ತರಗತಿಯ ಕಪ್ಪು ಹಲಗೆಯ ಮೇಲೆ ಇದೇ ಕಲ್ಪನೆ ಸೂತ್ರವಾಗಿ ಬಂದಾಗ ಕೆಲಸ ಬಲ್ಲ ಹುಡುಗನೂ ಹೆದರುತ್ತಾನೆ. ಕಲಾ ವಿಭಾಗದಲ್ಲಿ ಓದಿದ ನಮಗೇ ಅರ್ಥವಾದ ಸಂಗತಿ ಅವನಿಗೆ ಏಕೆ ದಕ್ಕಬಾರದು?

ಕರ್ನಾಟಕದಲ್ಲಿ 150 ಐಟಿಐಗಳು 4,700 ಕೋಟಿ ರೂಪಾಯಿಗೂ ಮಿಗಿಲಾದ ವೆಚ್ಚದಲ್ಲಿ ನವೀಕರಣಗೊಂಡು 2022ರ ಜೂನ್‌ನಲ್ಲಿ ಲೋಕಾರ್ಪಣೆಯಾದವು. ದೆಹಲಿಯಲ್ಲಿ 2020ರಲ್ಲಿ ಸ್ಥಾಪಿತವಾದ ಕೌಶಲ್ಯ ಮತ್ತು ಉದ್ಯಮಶೀಲತಾ ವಿಶ್ವವಿದ್ಯಾಲಯವು ಸರ್ಕಾರಿ ಪಾಲಿಟೆಕ್ನಿಕ್‌ಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಯಂತ್ರಕ್ಕೆ ಹಣ ಒದಗಿತು, ಸಂತೋಷ. ಅದೇ ಯಂತ್ರದ ಪಕ್ಕದಲ್ಲಿ ನಿಂತು ಗಣಿತ ಹೇಳಿಕೊಡುವ ಅಧ್ಯಾಪಕರಿಗೂ ಅಷ್ಟೇ ಆಸ್ಥೆಯಿಂದ ಹಣ ಒದಗಬೇಕೆಂಬುದು ನಮ್ಮ ಅಭಿಪ್ರಾಯ. ಪ್ರವೇಶದ ಅರ್ಜಿ ತುಂಬುವ ಮುನ್ನ ಪಾಲಕರು ಕಾಲೇಜಿನವರನ್ನು ಕಟ್ಟಡದ ಬಗ್ಗೆ ಕೇಳುವುದಕ್ಕಿಂತ, ಎರಡನೆಯ ವರ್ಷಕ್ಕೆ ನೇರವಾಗಿ ಬಂದವರಿಗೆ ಗಣಿತವನ್ನು ಯಾರು, ವಾರಕ್ಕೆ ಎಷ್ಟು ಗಂಟೆ ಕಲಿಸುತ್ತಾರೆಂದು ಕೇಳಲಿ.