ಮನಸ್ಸೈತ್ರೀ, ಮಾರ್ಗ ಎಲ್ಲೈತಿ?

ಶುಗರ್ ಬಂದವರಿಗೆಲ್ಲ ಒಂದೇ ಉಪದೇಶ: ‘ಮನಸ್ಸಿದ್ರೆ ಮಾರ್ಗ, ದಿನಾ ವಾಕಿಂಗ್ ಹೋಗ್ರಿ.’ ನಾಲ್ಕು ದಿನ ಬಿಟ್ಟರೆ ಮೈಗಳ್ಳರೆಂಬ ಪಟ್ಟ.

ಬ್ಯಾಡಗಿಯಲ್ಲಿ ದಿನವಿಡೀ ಕುಂತು ಮೆಣಸಿನಕಾಯಿ ತುಂಬು ಬಿಡಿಸೋ ಹೆಣ್ಮಗಳಿಗೆ ಇದನ್ನ ಹೇಳಿ ನೋಡ್ರಿ. ಕಿಲೋ ಲೆಕ್ಕದ ಕೂಲಿಯಾದರೆ ಎದ್ದಷ್ಟೂ ಖೋತಾ. ಸಂಜೆ ಮನೆಗೆ ಬಂದು ಅಡುಗೆ ಮುಗಿಸಿ, ಕತ್ತಲ ಓಣಿಯಾಗ ಆಕಿ ಎಲ್ಲಿ ನಡೀಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150 ನಿಮಿಷ, ಒಮ್ಮೆಲೇ ಆಗಬೇಕಂತೇನಿಲ್ಲ. ಉಂಡ ಮೇಲೆ ಹತ್ತು ನಿಮಿಷ ನಡೆದರೂ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಆ ಹತ್ತು ನಿಮಿಷ ಕೂಲಿ ಮುರಿಯದೆ ಕೊಡ್ರಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಓಣಿಗಳಿಗೆ ದೀಪ ಹಾಕ್ರಿ. ಹತ್ತು ಮಂದಿ ಜೋಡಿ ನಡೆದರೆ ಹುರುಪು ತಾನಾಗೇ ಬರ್ತೈತಿ.

ಮೊದಲು ಮಾರ್ಗ ಮಾಡಿಕೊಡ್ರಿ. ಆಮೇಲೆ ಮನಸ್ಸಿನ ಲೆಕ್ಕ ಕೇಳ್ರಿ.