ಐಬು ಗೊತ್ತಿದ್ದೇ ದೋಣಿ ಕೊಳ್ಳುವುದೇ?

ಗಲ್ಫ್ ಬಿಟ್ಟು ಊರಿಗೆ ಬಂದ ನನ್ನ ಮಾಮನ ಮಗ ಕಳೆದ ತಿಂಗಳು ಒಂದು ವಿಡಿಯೋ ಕಳಿಸಿದರು. ಮಂಗಳೂರು ಕಡೆಯ ಒಂದು ಹಳೆಯ ಫೈಬರ್ ದೋಣಿ, ಅದಕ್ಕೆ ಅಷ್ಟೇ ಹಳೆಯ ಔಟ್‌ಬೋರ್ಡ್ ಎಂಜಿನ್. "ಮಂಜೇಶ್ವರದಲ್ಲಿ ಇಬ್ಬರನ್ನು ಪಾಲಿಗೆ ಸೇರಿಸಿ ಮೀನಿಗೆ ಬಿಡುತ್ತೇನೆ. ಎಂಜಿನ್ ಸ್ವಲ್ಪ ಬಿಸಿಯಾಗಿ ನಿಲ್ಲುತ್ತದಂತೆ, ಅವರೇ ಹೇಳಿದ್ದಾರೆ. ಇಂಪೆಲ್ಲರ್ ಹಾಕಿದರೆ ಸರಿಯಾಗುತ್ತದಂತೆ. ಅದಕ್ಕೇ ಇಷ್ಟು ಕಡಿಮೆ ರೇಟು. ನೀನು ಡಿಪ್ಲೊಮಾ ಕಲಿತವನಲ್ಲವಾ, ಒಮ್ಮೆ ನೋಡು" ಎಂದರು.

ನಾನು ಕೇಳಿದ್ದು ಒಂದೇ ಮಾತು. "ಇಚ್ಚ, ಇಂಪೆಲ್ಲರ್ ಮಾತ್ರ ಹೋಗಿದ್ದರೆ ಮಾರುವವರೇ ಅದನ್ನು ಹಾಕಿ ಒಳ್ಳೆಯ ರೇಟಿಗೆ ಮಾರುತ್ತಿರಲಿಲ್ಲವಾ?" ಅವರಿಗೆ ಸಿಟ್ಟು ಬಂತು.

ಮೀಂಜದ ನಮಗೆ ಕಡಲಿನ ಪರಿಚಯ ಕಡಿಮೆ. ಕಡಲು ನಮ್ಮ ಮನೆಗೆ ಬರುವುದು ಮೀನಿನ ಗಾಡಿಯಲ್ಲಿ. ಆದರೆ ವ್ಯಾಪಾರ ಗೊತ್ತು. ಉಪ್ಪ ಅಂಗಡಿಗೆ ಅಕ್ಕಿ ಮೂಟೆ ಇಳಿಸುವಾಗ ಮೇಲಿನ ಅಕ್ಕಿ ನೋಡುವುದಿಲ್ಲ, ಮೊಣಕೈವರೆಗೆ ಕೈ ಹಾಕಿ ಅಡಿಯ ಅಕ್ಕಿ ತೆಗೆಯುತ್ತಾರೆ. ಧಾನ್ಯದ ರಾಶಿಗೆ ಪ್ರವಾದಿಯವರು ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿದ ಹದೀಸನ್ನು ಮದ್ರಸದಲ್ಲಿ ಎಲ್ಲರೂ ಕೇಳಿದ್ದೇವೆ. ಐಬು ಮುಚ್ಚಿ ಮಾರಬಾರದು ಎಂಬುದು ಅದರ ಪಾಠ. ಆದರೆ ಇಲ್ಲಿ ಮಾರುವವರು ಐಬನ್ನು ಮುಚ್ಚಿಲ್ಲ, ಬಾಯಿಬಿಟ್ಟು ಹೇಳಿದ್ದಾರೆ. ಹಾಗೆ ಹೇಳಿದ ಐಬನ್ನು ಒಪ್ಪಿ ಕೊಂಡ ಮೇಲೆ ಅದರ ಹೆಸರಲ್ಲಿ ವಾಪಸು ಕೊಡುವ ಹಕ್ಕು ನಮಗಿಲ್ಲ. ಅಂದರೆ ನಷ್ಟದ ಹೊಣೆ ಪೂರ್ತಿ ನಮ್ಮ ಹೆಗಲಿಗೆ ಬಂತು.

ಇನ್ನು ಎಂಜಿನ್ ವಿಷಯ. 'ಬಿಸಿಯಾಗುತ್ತದೆ' ಎನ್ನುವುದು ರೋಗವಲ್ಲ, ಜ್ವರ. ಔಟ್‌ಬೋರ್ಡ್ ಎಂಜಿನ್ ತಣ್ಣಗಾಗುವುದು ಕಡಲ ನೀರಿನಿಂದಲೇ. ನೀರನ್ನು ಮೇಲಕ್ಕೆ ತಳ್ಳುವ ರಬ್ಬರ್ ಇಂಪೆಲ್ಲರ್ ಸವೆದಿರಬಹುದು, ಅದು ಸಣ್ಣ ಖರ್ಚು. ಆದರೆ ನೀರು ಹರಿಯುವ ದಾರಿಯಲ್ಲಿ ಉಪ್ಪು ಕಟ್ಟಿರಬಹುದು. ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟೋ ದಿನ ಹಾಗೇ ಬಿಸಿಯಾಗಿ ಓಡಿದ ಎಂಜಿನ್ನಿನ ಪಿಸ್ಟನ್, ರಿಂಗ್, ಸಿಲಿಂಡರ್ ಈಗಾಗಲೇ ಗೀರು ಬಿದ್ದಿರಬಹುದು. ಇಂಪೆಲ್ಲರ್ ಬದಲಿಸಿದರೆ ಆ ಗೀರು ಮಾಯುವುದಿಲ್ಲ. ಹೇಳಿದ ಐಬಿನ ಹಿಂದೆ ಹೇಳದ ಐಬು ಇರುತ್ತದೆ. ಮಾರುವವರಿಗೂ ಅದು ಗೊತ್ತಿರಬೇಕೆಂದಿಲ್ಲ.

ಹಳೆಯ ಬೈಕ್ ಕೊಂಡು ಕೈಸುಟ್ಟುಕೊಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೈಕ್ ಕೆಟ್ಟರೆ ಹೊಸಂಗಡಿ ತನಕ ತಳ್ಳಿಕೊಂಡು ಹೋಗಬಹುದು. ದೋಣಿಯನ್ನು ಎಲ್ಲಿಗೆ ತಳ್ಳುವುದು? ಹೊಳೆ ಕಡಲಿಗೆ ಸೇರುವ ಅಳಿವೆ ಬಾಗಿಲಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಮುಂದಿನ ಅಲೆಗೆ ಅದು ಮಗುಚಬಹುದು. ಪಾಲಿಗೆ ಸೇರಿಸಿಕೊಂಡ ಆ ಇಬ್ಬರ ಮನೆಯಲ್ಲೂ ಉಮ್ಮ ಇದ್ದಾರೆ, ಮಕ್ಕಳಿದ್ದಾರೆ. ಕಡಿಮೆ ರೇಟಿನ ಲಾಭ ನಮಗೆ, ಅಪಾಯ ಅವರಿಗೆ ಎಂದಾದರೆ ಅದೆಂಥ ಪಾಲು?

ಹಳೆಯ ದೋಣಿಯೇ ಬೇಡ ಎಂದು ನಾನು ಹೇಳುವುದಿಲ್ಲ. ಹೊಸದನ್ನು ಕೊಳ್ಳುವ ತಾಕತ್ತು ಎಲ್ಲರಿಗೂ ಇಲ್ಲ. ನನ್ನ ಲೆಕ್ಕ ಇಷ್ಟೇ: ಐಬಿರುವ ಎಂಜಿನ್ನಿಗೆ ಗುಜರಿ ಬೆಲೆ ಮಾತ್ರ ಹಿಡಿಯಬೇಕು. ಆ ದೋಣಿಗೆ ಬೇರೆ ಎಂಜಿನ್ ಕೂರಿಸುವ ದುಡ್ಡು ಮೊದಲ ದಿನವೇ ಕೈಯಲ್ಲಿರಬೇಕು. ಇಲ್ಲದಿದ್ದರೆ ಆ ದೋಣಿ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ನಮಗೆ ದುಬಾರಿಯೇ.

ಕೊಳ್ಳುವ ಮೊದಲು ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಎಲ್ಲ ಸಿಲಿಂಡರ್‌ಗಳ ಕಂಪ್ರೆಶನ್ ಅಳೆಯಿರಿ, ಒಂದಕ್ಕೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅನುಮಾನ ಪಡಿ. ಕೆಳಗಿನ ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ದಡದಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ತೋರಿಸಿದ್ದನ್ನು ನಂಬಬೇಡಿ. ಜೊತೆಗೆ ಇನ್ನೊಂದು ದೋಣಿ ಇಟ್ಟುಕೊಂಡು, ಭಾರ ಹಾಕಿ, ಒಂದು ಗಂಟೆ ಓಡಿಸಿ ನೋಡಿ.

ಕಾಗದಪತ್ರವೂ ಮುಖ್ಯ. ಗಡಿಯ ಆಚೆ ಕರ್ನಾಟಕದ 1986ರ ಕಾಯ್ದೆ, ಈಚೆ ಕೇರಳದ 1980ರ ಕಾಯ್ದೆ. ಮಂಗಳೂರಿನ ದೋಣಿ ಮಂಜೇಶ್ವರದಲ್ಲಿ ಮೀನು ಹಿಡಿಯಬೇಕಾದರೆ ಇಲ್ಲಿನ ನೋಂದಣಿ, ಲೈಸೆನ್ಸ್ ಬೇಕು. ಸೀಮೆಎಣ್ಣೆ ಪರ್ಮಿಟ್ ಆ ಹಳೆಯ ಎಂಜಿನ್ನಿಗೆ ಸಿಗುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಮೀನುಗಾರಿಕಾ ಇಲಾಖೆಯಲ್ಲಿ ಕೇಳಿ. ಪರ್ಮಿಟ್ ಇಲ್ಲದಿದ್ದರೆ ಇಂಧನದ ಖರ್ಚೇ ಮೀನಿನ ದುಡ್ಡನ್ನು ತಿನ್ನುತ್ತದೆ.

ನಮ್ಮ ಮನೆಗಳಲ್ಲಿ ಇಂಥ ವ್ಯಾಪಾರಕ್ಕೆ ಮೊದಲು ಹೊರಬರುವುದು ಹೆಂಗಸರ ಚಿನ್ನ. ಅದನ್ನು ಕೊಡುವವರಿಗೆ ಎಂಜಿನ್ನಿನ ಐಬನ್ನು ಯಾರಾದರೂ ವಿವರಿಸುತ್ತಾರಾ? ದೋಣಿಗೆ ಹಾಕುವ ಚಿನ್ನ ಯಾರದೋ ಅವರ ಮುಂದೆ ಪೂರ್ತಿ ಲೆಕ್ಕ ಇಡಬೇಕು.

ಇಚ್ಚ ಈಗ ಸ್ವಲ್ಪ ತಣ್ಣಗಾಗಿದ್ದಾರೆ. ಒಂದು ಗಂಟೆ ಓಡಿಸಿ ತೋರಿಸಲು ಮಾರುವವರನ್ನು ಕೇಳಿದ್ದಾರಂತೆ. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ನಾದಿನಿಯ ಬಳೆ ಕಪಾಟಿನಲ್ಲೇ ಇರಲಿ.